ಚಿಗಟ ಹಾರುತ್ತದೆ, ತಿಗಣೆ ಹಾರುವುದಿಲ್ಲ

ನ್ಯಾಮತಿಯ ನಮ್ಮ ಮನೆಗೆ ಬರುವವರು ಯಾರೇ ಆಗಲಿ ಮೊದಲು ಹಿಟ್ಟಿನ ಗಿರಣಿಯನ್ನು ದಾಟಿ ಬರಬೇಕಿತ್ತು. ಬೀದಿಗೆ ಗಿರಣಿ, ಅದರ ಹಿಂದೆ ನಡುಮನೆ, ನಡುಮನೆಯ ಎಡಕ್ಕೆ ದೇವರ ಕೋಣೆ ಮತ್ತು ಅಡುಗೆಮನೆ, ಬಲಕ್ಕೆ ಒಂದು ಮಲಗುವ ಕೋಣೆ, ಅದಕ್ಕೆ ಅಂಟಿಕೊಂಡಂತೆ ತೌಡಿನ ಕೋಣೆ. ಎಲ್ಲಕ್ಕೂ ಹಿಂದೆ ಅಂಗಳ, ಬಾವಿ, ಬಚ್ಚಲು. ಗಿರಣಿ ಓಡುತ್ತಿರುವಾಗ ಮನೆಯಲ್ಲಿ ಮೆಲ್ಲಗೆ ಮಾತಾಡಿದರೆ ಯಾರಿಗೂ ಕೇಳುತ್ತಿರಲಿಲ್ಲ. ಹಾಗಾಗಿ ನಾವೆಲ್ಲ ಊರಿನ ಬೇರೆಯವರಿಗಿಂತ ಜೋರಾಗಿ ಮಾತಾಡುವವರು. ಕರೆಂಟು ಹೋಗಿ ಕಲ್ಲು ನಿಂತಾಗ ಮಾತ್ರ ನಮ್ಮ ದನಿ ನಮಗೇ ಕೇಳಿ, ಹೇಳುತ್ತಿದ್ದ ಮಾತನ್ನು ಅರ್ಧಕ್ಕೆ ನಿಲ್ಲಿಸುತ್ತಿದ್ದೆವು. ಹಿಟ್ಟು ಎಲ್ಲ ಕಡೆ ಇತ್ತು. ಅಪ್ಪನ ರೆಪ್ಪೆಯ ಮೇಲೆ, ಚಿಕ್ಕಪ್ಪನ ಕಿವಿಯ ಕೂದಲಲ್ಲಿ, ಜಂತಿಗಳ ಮೇಲೆ, ನೀರಿನ ಕೊಡದ ಕತ್ತಿನಲ್ಲಿ. ಅವ್ವ ದಿನಕ್ಕೆ ಮೂರು ಸಲ ಗುಡಿಸಿದರೂ ನಾವು ಓಡಾಡಿದ ಹೆಜ್ಜೆ ನೆಲದ ಮೇಲೆ ಕಾಣುತ್ತಿತ್ತು. ಯಾರು ಎಲ್ಲಿಂದ ಎಲ್ಲಿಗೆ ಹೋದರು ಎಂಬುದು ಆ ಮನೆಯಲ್ಲಿ ಗುಟ್ಟಾಗಿ ಉಳಿಯುವುದು ಕಷ್ಟ. ಆದರೂ ಒಂಬತ್ತನೆಯ ವಯಸ್ಸಿನಲ್ಲಿ ನಾನೊಂದು ಗುಟ್ಟನ್ನು ಹತ್ತಿರ ಹತ್ತಿರ ಒಂದು ತಿಂಗಳು ಉಳಿಸಿಕೊಂಡೆ. ಅದರಿಂದ ಆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗಿರಣಿಯ ಬಾಗಿಲಲ್ಲಿ ಒಂದು ಹಲಗೆಯ ಬೆಂಚು ಇತ್ತು. ಜೋಳ, ರಾಗಿ ಬೀಸಿಸಲು ಬಂದವರು ಪಾಳಿ ಬರುವವರೆಗೆ ಅದರ ಮೇಲೆ ಕೂರುತ್ತಿದ್ದರು. ಸುತ್ತಲಿನ ಎಷ್ಟೋ ಊರಿನವರು ಕೂತು ಎದ್ದ ಬೆಂಚು ಅದು. ಅದರ ಸಂದಿಗಳಲ್ಲಿ ತಿಗಣೆ ಇದ್ದವು. ಕೂತವರು ಮಾತಿನ ನಡುವೆ ತೊಡೆ ತುರಿಸಿಕೊಳ್ಳುವುದು ನಮಗೆಲ್ಲ ರೂಢಿಯಾಗಿ ಹೋಗಿತ್ತು. ಅಜ್ಜಿ, ಅಂದರೆ ಅಪ್ಪನ ತಾಯಿ, ಅಮಾವಾಸ್ಯೆಗೊಮ್ಮೆ ಆ ಬೆಂಚನ್ನು ಅಂಗಳಕ್ಕೆ ತರಿಸಿ ಕುದಿಯುವ ನೀರು ಹೊಯ್ಯಿಸುತ್ತಿದ್ದಳು. ಬೆಂಚಿನ ತಿಗಣೆ ಬೆಂಚಿನಲ್ಲೇ ಇರಬೇಕು, ನಡುಮನೆಯ ಹೊಸ್ತಿಲು ದಾಟಬಾರದು ಎಂಬುದು ಅವಳ ಹಟ. ಅವಳ ಲೆಕ್ಕದಲ್ಲಿ ತಿಗಣೆ ಎಂದರೆ ಹುಳವಲ್ಲ, ಮನೆತನಕ್ಕೆ ಹತ್ತುವ ಮಾತು. ಅಂಥವರ ಮನೆಯಲ್ಲಿ ತಿಗಣೆ ಇದೆಯಂತೆ ಎಂದರೆ ಅಲ್ಲಿಗೆ ಹೆಣ್ಣು ಕೊಡಬಾರದು, ಅಲ್ಲಿಂದ ತರಬಾರದು. ಮಲೇರಿಯಾದವರು ಪಂಪು ಹೊತ್ತು ಪುಡಿಯ ನೀರು ಹೊಡೆಯಲು ಬಂದಾಗ ಬೇರೆ ಮನೆಯವರು ಒಳಗೆಲ್ಲ ಹೊಡೆಸಿಕೊಂಡರೆ ಅಜ್ಜಿ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು.

“ಊರಿನೋರು ತಿನ್ನೋ ಹಿಟ್ಟು ಐತಪ್ಪಾ ಇಲ್ಲಿ. ವಿಷ ಹೊಡ್ಯಾಕೆ ಬಿಡಂಗಿಲ್ಲ. ನಮ್ಮ ಮನ್ಯಾಗೆ ಒಂದು ಹುಳ ತೋರಿಸು, ಆಮ್ಯಾಲೆ ಹೊಡಿ.”

ಅವರು ಗೋಡೆಯ ಮೇಲೆ ಏನೋ ಗೀಚಿ ಮುಂದಿನ ಮನೆಗೆ ಹೋಗುತ್ತಿದ್ದರು.

ಆ ವರ್ಷ ಮಾಘದಲ್ಲಿ ಚಿಕ್ಕಪ್ಪನ ಮದುವೆಯಾಯಿತು. ಹೆಣ್ಣು ಜಗಳೂರಿನ ಕಡೆಯ ಸೊಕ್ಕೆಯದು. ಹೆಸರು ಹಾಲಮ್ಮ. ನನಗೆ ಚಿಕ್ಕವ್ವ. ಅವಳ ತಾಯಿ ಹಿಂದಿನ ವರ್ಷ ತೀರಿಕೊಂಡಿದ್ದಳು; ತಂದೆ ಮಳೆ ನಂಬಿ ಶೇಂಗಾ ಬಿತ್ತುವವನು, ಒಂದಿಷ್ಟು ಕುರಿಯನ್ನೂ ಕಟ್ಟಿದ್ದ. ಇಷ್ಟು ದೂರದಿಂದ, ಅಷ್ಟು ಒಣ ಸೀಮೆಯಿಂದ ಹೆಣ್ಣು ತರಲು ಅಜ್ಜಿಗೆ ಮನಸ್ಸಿರಲಿಲ್ಲ. ಅಪ್ಪ ಹುಡುಗಿಯನ್ನು ನೋಡಿ ಮೆಚ್ಚಿ ಮಾತು ಕೊಟ್ಟು ಬಂದಿದ್ದರು. ಚಿಕ್ಕವ್ವನಿಗೆ ಆಗ ಹದಿನೆಂಟೋ ಹತ್ತೊಂಬತ್ತೋ. ಎತ್ತರದ ಮೈಕಟ್ಟು, ದೊಡ್ಡ ಹೆಜ್ಜೆ. ನಮ್ಮ ಗಿರಣಿಯ ಸದ್ದಿಗೆ ಅವಳ ಮೆಲುದನಿ ಹೊಂದಲೇ ಇಲ್ಲ. ಊಟಕ್ಕೆ ಕರೆಯಲು ಅವಳು ಗಿರಣಿಯವರೆಗೆ ಬಂದು ಚಿಕ್ಕಪ್ಪನ ಎದುರು ನಿಂತು ಕೈಯಲ್ಲಿ ತುತ್ತು ತೋರಿಸುತ್ತಿದ್ದಳು, ಬೀಸಿಸಲು ಬಂದ ಹೆಂಗಸರು ನಗುತ್ತಿದ್ದರು. ಅವಳು ತಟ್ಟುತ್ತಿದ್ದ ಸಜ್ಜೆರೊಟ್ಟಿ ಎಷ್ಟು ತೆಳುವೆಂದರೆ ಅವ್ವ ಮೊದಲ ದಿನ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ತವರಿನಿಂದ ಬರುವಾಗ ಅವಳು ಒಂದು ಟ್ರಂಕು, ಒಂದು ಕೌದಿ ತಂದಿದ್ದಳು. ಕೌದಿ ಅವಳ ತಾಯಿಯ ಹಳೆಯ ಸೀರೆಗಳಿಂದ ಹೊಲಿದದ್ದು. ತಾಯಿ ತನ್ನ ಕೈಯಾರೆ ಮುಕ್ಕಾಲು ಹೊಲಿದು ಕಾಯಿಲೆ ಬಿದ್ದಳು. ಉಳಿದ ಒಂದು ಮೂಲೆಯನ್ನು ಚಿಕ್ಕವ್ವ ಮುಗಿಸಿದ್ದಳು. ತಾಯಿಯ ಹೊಲಿಗೆ ಎಲ್ಲಿ ನಿಂತು ಮಗಳದು ಎಲ್ಲಿ ಶುರುವಾಯಿತು ಎಂದು ಅವಳು ನನ್ನ ಬೆರಳು ಹಿಡಿದು ತೋರಿಸಿದ್ದಳು. ತಾಯಿಯ ಹೊಲಿಗೆ ಸಣ್ಣದು, ಮಗಳದು ಅವಸರದ್ದು. ಮಧ್ಯಾಹ್ನ ಕೆಲಸ ಮುಗಿದ ಮೇಲೆ ನಾವಿಬ್ಬರೂ ಅದರ ಮೇಲೆ ಮಲಗುತ್ತಿದ್ದೆವು. ಈ ಕೆಂಪು ಯಾವ ಹಬ್ಬದ್ದು, ಈ ಹಸಿರು ಯಾರು ಉಡಿಸಿದ್ದು ಎಂದು ಅವಳು ಹೇಳುತ್ತಿದ್ದಳು. ನನ್ನ ಸ್ವಂತ ಅವ್ವ ಒಳ್ಳೆಯವಳೇ, ಆದರೆ ಅವಳಿಗೆ ನನ್ನ ಜೊತೆ ಮಲಗುವಷ್ಟು ಬಿಡುವಿರಲಿಲ್ಲ.

ಯುಗಾದಿ ಕಳೆದ ಹೊಸತರಲ್ಲಿ ಗಿರಣಿಯ ಹಿಂದಿನ ಓಣಿಯಲ್ಲಿ ಒಂದು ಬೀದಿನಾಯಿ ಗಾಡಿಗೆ ಸಿಕ್ಕಿ ಸತ್ತಿತು. ಅದರ ಮರಿಗಳಲ್ಲಿ ಒಂದು ಮಾತ್ರ ಬದುಕಿತ್ತು. ನಾನು ಅದನ್ನು ಲಂಗದಲ್ಲಿ ಮುಚ್ಚಿಕೊಂಡು ಬಂದು ತೌಡಿನ ಕೋಣೆಯಲ್ಲಿ ಚೀಲಗಳ ಹಿಂದೆ ಇಟ್ಟೆ. ನಮ್ಮ ಮನೆಗೆ ನಾಯಿ ಬರುವಂತಿರಲಿಲ್ಲ. ಅಜ್ಜಿ ದಿನಕ್ಕೆರಡು ಹೊತ್ತು ಲಿಂಗಪೂಜೆ ಮಾಡುವವಳು; ನಾಯಿ ಮುಟ್ಟಿದ ಬಟ್ಟೆಯನ್ನು ಕೋಲಿನಿಂದ ಎತ್ತಿ ಎಸೆಯುವವಳು. ತೌಡಿನ ಕೋಣೆಗೆ ವಾರಕ್ಕೊಮ್ಮೆ ದನದ ಮೇವಿಗೆಂದು ತೌಡು ಒಯ್ಯುವ ಗಾಡಿಯವನು ಬಿಟ್ಟರೆ ಯಾರೂ ಹೋಗುತ್ತಿರಲಿಲ್ಲ; ಅವನು ಬರುವ ದಿನ ಮರಿಯನ್ನು ಲಂಗದಲ್ಲಿ ಮುಚ್ಚಿಕೊಂಡು ಓಣಿಗೆ ಹೋಗಿಬಿಡುತ್ತಿದ್ದೆ. ಮರಿ ಕುಂಯ್‌ಗುಟ್ಟಿದರೂ ಗಿರಣಿಯ ಸದ್ದಿನಲ್ಲಿ ಕೇಳುತ್ತಿರಲಿಲ್ಲ; ರಾತ್ರಿ ಹೊಟ್ಟೆ ತುಂಬಿ ಮಲಗಿಬಿಡುತ್ತಿತ್ತು. ಮೈತುಂಬ ತೌಡು ಮೆತ್ತಿಕೊಂಡು ಬೂದಿಬಣ್ಣಕ್ಕೆ ತಿರುಗಿದ್ದರಿಂದ ಅದಕ್ಕೆ ಬೂದ ಎಂದು ಹೆಸರಿಟ್ಟೆ. ನನ್ನ ರೊಟ್ಟಿಯಲ್ಲಿ ಅರ್ಧ, ಹಾಲಿನಲ್ಲಿ ಅರ್ಧ ಅದಕ್ಕೆ.

ಮೂರನೆಯ ದಿನ ಮಧ್ಯಾಹ್ನ ಇದ್ದಕ್ಕಿದ್ದಂತೆ ಕರೆಂಟು ಹೋಯಿತು. ಗಿರಣಿ ನಿಂತಿತು. ಬೂದ ಆಗ ಹಸಿದು ಅಳುತ್ತಿತ್ತು. ನಾನು ಅದರ ಬಾಯಿ ಮುಚ್ಚುವಷ್ಟರಲ್ಲಿ ಪಕ್ಕದ ಕೋಣೆಯಿಂದ ಚಿಕ್ಕವ್ವ ಬಂದು ಬಾಗಿಲು ತೆಗೆದಳು. ಒಂದು ಗಳಿಗೆ ನನ್ನನ್ನೂ ಮರಿಯನ್ನೂ ನೋಡಿ, ಒಳಗೆ ಬಂದು ಬಾಗಿಲು ಮುಂದೆ ಮಾಡಿಕೊಂಡು ನನ್ನ ಪಕ್ಕ ಕೂತಳು. ಮರಿಯನ್ನು ಮುಟ್ಟಲಿಲ್ಲ. ನನ್ನ ಕಾಲು ಎಳೆದು ನೋಡಿದಳು. ಕಣಕಾಲಿನ ಸುತ್ತ ಕೆಂಪು ಗುಳ್ಳೆಗಳೆದ್ದು, ಒಂದೊಂದರ ನಡುವೆ ಸೂಜಿ ಚುಚ್ಚಿದಂಥ ಚುಕ್ಕೆ ಇತ್ತು.

“ಇದು ಯಾವಾಗಿಂದ?”

“ತಿಗಣೆ ಕಡಿದಿದ್ದು ಚಿಕ್ಕವ್ವ. ಬೆಂಚಿನ ಮೇಲೆ ಕುಂತಿದ್ದೆ.”

“ಇದು ತಿಗಣಿ ಕಡಿದಿದ್ದಲ್ಲ. ತಡಿ, ತೋರಿಸ್ತೀನಿ.”

ಅವಳು ಹೋಗಿ ಬೆಂಚಿನ ಸಂದಿಗೆ ಹಿಡಿಕಡ್ಡಿ ಆಡಿಸಿ ಒಂದು ತಿಗಣೆಯನ್ನು ಕಾಗದದ ಚೂರಿನ ಮೇಲೆ ತಂದಳು. ನೆಲದ ಮೇಲೆ ಒಂದು ಹಿಡಿ ಹಿಟ್ಟು ತೆಳ್ಳಗೆ ಹರಡಿ ಅದರ ಮೇಲೆ ಬಿಟ್ಟಳು. ತೊಗರಿಬೇಳೆಯ ಸಿಪ್ಪೆಯಷ್ಟು ಚಪ್ಪಟೆಯಾದ, ಕಂದು ಬಣ್ಣದ ಆ ಹುಳ ಹಿಟ್ಟಿನ ಮೇಲೆ ಗೆರೆ ಎಳೆಯುತ್ತ ನಿಧಾನವಾಗಿ ನಡೆಯಿತು. ಆಮೇಲೆ ಬೂದನ ಹೊಟ್ಟೆಯ ಕೂದಲನ್ನು ಬೆರಳಿನಿಂದ ಬಿಡಿಸಿ, ಎಂಜಲು ಹಚ್ಚಿದ ಬೆರಳ ತುದಿಯಲ್ಲಿ ಏನನ್ನೋ ಅದುಮಿ ಹಿಡಿದು, ಅದನ್ನೂ ಹಿಟ್ಟಿನ ಮೇಲೆ ಬಿಟ್ಟಳು. ಸಾಸಿವೆಗಿಂತ ಸಣ್ಣದು, ಕಪ್ಪಗಿತ್ತು. ನಾನು ಬಗ್ಗಿ ನೋಡುವಷ್ಟರಲ್ಲಿ ಇರಲಿಲ್ಲ.

“ಎಲ್ಲೋತು?”

“ಹಾರ್ತು. ಅದೇ ನೋಡು ಗುರ್ತು. ಚಿಗಟ ಹಾರ್ತೈತೆ, ತಿಗಣಿ ಹಾರಂಗಿಲ್ಲ. ತಿಗಣಿ ಮಲಗಿದೋರನ್ನ ಹುಡುಕ್ಕೊಂಡು ಬರ್ತೈತೆ. ಕೈ, ಕುತ್ತಿಗಿ, ಎಲ್ಲಿ ಬಟ್ಟೆ ಇಲ್ಲೋ ಅಲ್ಲಿ ಸಾಲಾಗಿ ಕಡೀತೈತೆ. ಹಾಸಿಗೆ ಹೊಲಿಗ್ಯಾಗೆ ಕರೇ ಚುಕ್ಕಿ ಬಿಟ್ಟಿರ್ತೈತೆ, ಹಿಸುಕಿದ್ರೆ ನಾರ್ತೈತೆ. ಚಿಗಟಕ್ಕೆ ಹಗಲೂ ಒಂದೇ ರಾತ್ರೀನೂ ಒಂದೇ. ನೆಲದಿಂದ ಹಾರಿ ಕಾಲಿಗೇ ಹತ್ತತೈತೆ. ಮನ್ಯಾಗೆ ಚಿಗಟ ಐತೆ ಅಂದ್ರೆ ಎಲ್ಲೋ ಒಂದು ಪ್ರಾಣಿ ಐತೆ ಅಂತ.”

ಅವರ ಊರಲ್ಲಿ ಕುರಿಹಟ್ಟಿಗೆ ಹೋಗಿಬಂದ ದಿನ ಬಾಗಿಲ ಹೊರಗೇ ಕಾಲು ಝಾಡಿಸಿ ಒಳಗೆ ಬರುತ್ತಿದ್ದರಂತೆ. ಬೇವಿನ ಸೊಪ್ಪು ಕುದಿಸಿ ಮರಿಗೆ ನೀರು ಹಾಕೋಣ, ಕೋಣೆ ಗುಡಿಸಿ ಚೀಲಗಳನ್ನು ಬಿಸಿಲಿಗೆ ಹಾಕಿಸೋಣ ಎಂದಳು. ನನಗೆ ಅದ್ಯಾವುದೂ ಬೇಕಿರಲಿಲ್ಲ. ಅವಳ ಕೈ ಹಿಡಿದು, ಯಾರಿಗೂ ಹೇಳುವುದಿಲ್ಲವೆಂದು ಆಣೆ ಮಾಡು ಎಂದು ಅತ್ತೆ.

“ಆತು. ನಾನು ಹೇಳಂಗಿಲ್ಲ. ಆದ್ರೆ ನೀನು ಹೇಳ್ಬೇಕು. ನಿಮ್ಮಪ್ಪ ಒಳ್ಳೇರದಾರೆ. ಅಂಗಳದಾಗೆ ಕಟ್ಟಾಕೆ ಬಿಡ್ತಾರೆ. ನಾಳೆ ಹೇಳ್ತೀಯಾ?”

“ನಾಳೆ ಹೇಳ್ತೀನಿ.”

ಅವಳು ಎರಡು ಸಲ ಬೇವಿನ ನೀರು ಹಾಕಿದಳು. ಚೀಲಗಳನ್ನು ಬಿಸಿಲಿಗೆ ಹಾಕಿಸಬೇಕಾದರೆ ಚಿಕ್ಕಪ್ಪನಿಗೆ ಕಾರಣ ಹೇಳಬೇಕು. ಕಾರಣ ಹೇಳದೆ ಇರಲು ಅವಳು ಮಾತು ಕೊಟ್ಟಿದ್ದಳು. ದಿನವೂ ಬೆಳಿಗ್ಗೆ ನನ್ನ ಜಡೆ ಹಾಕುವಾಗ ಕಿವಿಯ ಹತ್ತಿರ ಬಗ್ಗಿ “ಹೇಳಿದ್ಯಾ?” ಎಂದು ಕೇಳುತ್ತಿದ್ದಳು. ನಾನು “ನಾಳೆ” ಎನ್ನುತ್ತಿದ್ದೆ. ಅಷ್ಟರಲ್ಲಿ ಚಿಗಟಗಳು ಬಾಗಿಲ ಸಂದಿಯಿಂದ ಅವಳ ಕೋಣೆಗೆ, ಅಲ್ಲಿಂದ ನಡುಮನೆಗೆ ಬಂದವು. ಚಿಕ್ಕಪ್ಪ ಗಿರಣಿಯಲ್ಲಿ ನಿಂತಲ್ಲೇ ಒಂದು ಕಾಲಿನಿಂದ ಇನ್ನೊಂದನ್ನು ಉಜ್ಜಿಕೊಳ್ಳುತ್ತಿದ್ದ. ಅವ್ವ ರೊಟ್ಟಿ ತಟ್ಟುವುದು ಬಿಟ್ಟು ಹಿಮ್ಮಡಿ ಕೆರೆಯುತ್ತಿದ್ದಳು. ಊಟಕ್ಕೆ ಕೂತವರು ತಟ್ಟೆಯ ಮುಂದೆ ನೆಟ್ಟಗೆ ಕೂರಲಾರದೆ ಹೊರಳಾಡುತ್ತಿದ್ದರು. “ತಿಗಣೆ” ಎಂಬ ಮಾತನ್ನು ಮೊದಲು ಯಾರು ಆಡಿದರೋ ಗೊತ್ತಿಲ್ಲ. ಆಡಿದ ಮೇಲೆ ಎಲ್ಲರ ಕಣ್ಣೂ ಹೊಸದಾಗಿ ಮನೆಗೆ ಬಂದದ್ದು ಏನೆಂದು ಹುಡುಕಿದವು. ಹೊಸದಾಗಿ ಬಂದದ್ದು ಸೊಕ್ಕೆಯ ಸೊಸೆ, ಅವಳ ಕೌದಿ.

ಹನ್ನೆರಡನೆಯ ದಿನ ಸೋಮವಾರ. ಅಜ್ಜಿ ಬೆಳಿಗ್ಗೆ ಮಣೆಯ ಮೇಲೆ ಕೂತು ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆ ಮಾಡುತ್ತಿದ್ದಳು. ನಾನು ಬಿಲ್ವಪತ್ರೆಯ ತಟ್ಟೆ ಹಿಡಿದು ಪಕ್ಕದಲ್ಲಿದ್ದೆ. ಅವಳ ಕಾಲು ಒಮ್ಮೆಲೆ ಸೆಟೆಯಿತು, ಕೈ ಅಲುಗಿತು, ಲಿಂಗ ಅಂಗೈಯಿಂದ ಜಾರಿ ಮಡಿಲಿಗೆ ಬಿತ್ತು. ನೆಲಕ್ಕೆ ಬೀಳಲಿಲ್ಲ, ಮಡಿಲಿಗೆ. ಆದರೂ ಅಜ್ಜಿಯ ಮುಖ ಬಿಳುಚಿಕೊಂಡಿತು. ಆಕೆ ಲಿಂಗವನ್ನು ತೊಳೆದು, ಕಣ್ಣಿಗೊತ್ತಿ, ವಸ್ತ್ರದಲ್ಲಿ ಕಟ್ಟಿಕೊಂಡಳು. ಐವತ್ತು ವರ್ಷದಲ್ಲಿ ಹೀಗಾಗಿರಲಿಲ್ಲ ಎಂದು ಒಂದು ಸಲ ಹೇಳಿದಳು. ಆಮೇಲೆ ಎದ್ದು ನೇರವಾಗಿ ಚಿಕ್ಕವ್ವನ ಕೋಣೆಗೆ ಹೋಗಿ ಕೌದಿಯನ್ನು ಎಳೆದುಕೊಂಡು ಅಂಗಳಕ್ಕೆ ಬಂದಳು.

ಬಿಸಿಲಿಗೆ ಹರಡಿ, ಅದರ ಹೊಲಿಗೆಗಳನ್ನೆಲ್ಲ ಉಗುರಿನಿಂದ ಕೆದಕಿ ನೋಡಿದಳು. ಅವ್ವನೂ ಬಗ್ಗಿ ನೋಡಿದಳು. ಕರಿ ಚುಕ್ಕೆ ಇರಲಿಲ್ಲ, ವಾಸನೆ ಇರಲಿಲ್ಲ. ಕೊನೆಗೆ ಒಂದು ಮಡಿಕೆಯಲ್ಲಿ ಏನೋ ಕಪ್ಪಗೆ ಕಂಡು ಅಜ್ಜಿ ಅದರ ಮೇಲೆ ಬೆರಳಿಟ್ಟಳು. ಬೆರಳೆತ್ತಿದಾಗ ಅದು ಚಿಮ್ಮಿ ಹೋಯಿತು. ಅಂಗಳದಲ್ಲಿ ಅಪ್ಪ, ಅವ್ವ, ಚಿಕ್ಕಪ್ಪ, ನಾನು ಎಲ್ಲರೂ ಇದ್ದೆವು. ಎಲ್ಲರೂ ನೋಡಿದೆವು.

“ಐತೆ ನೋಡ್ರಿ. ಬರದ ಸೀಮೆ ತಿಗಣಿ. ನಮ್ಮ ಮನೆಗೆ ತಂದು ಬಿಟ್ಟಾಳೆ.”

ಚಿಕ್ಕವ್ವ ಬಾವಿಕಟ್ಟೆಯ ಹತ್ತಿರ ನಿಂತಿದ್ದಳು. ಅವಳು ಅತ್ತೆಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅದೂ ಅದೇ ಮೆಲುದನಿ.

“ಅತ್ತೇ, ತಿಗಣಿ ಹಾರಂಗಿಲ್ರೀ. ಅದು ಚಿಗಟ.”

“ಚಿಗಟ? ನಮ್ಮ ಮನ್ಯಾಗೆ ನಾಯಿ ಐತಾ? ಬೆಕ್ಕೈತಾ? ಚಿಗಟ ಎಲ್ಲಿಂದ ಬರ್ತೈತೆ? ಹೇಳು.”

ಚಿಕ್ಕವ್ವ ಹೇಳಲಿಲ್ಲ. ನನ್ನ ಕಡೆ ನೋಡಿದಳು. ನಾನು ಬಿಲ್ವಪತ್ರೆಯ ತಟ್ಟೆಯನ್ನು ಇನ್ನೂ ಕೈಯಲ್ಲೇ ಹಿಡಿದುಕೊಂಡಿದ್ದೆ. ಬೂದ ತೌಡಿನ ಕೋಣೆಯಲ್ಲಿ ನಿದ್ದೆಯಲ್ಲಿತ್ತು. ಅಪ್ಪ ನನ್ನಿಂದ ಎರಡು ಮಾರು ದೂರದಲ್ಲಿ ನಿಂತಿದ್ದರು. ಒಂದು ಮಾತು ಸಾಕಿತ್ತು. ಏಟು ಬೀಳುತ್ತಿತ್ತು, ನಾಯಿ ಹೋಗುತ್ತಿತ್ತು, ಅಷ್ಟೇ. ನಾನು ತಟ್ಟೆಯನ್ನು ನೋಡಿದೆ.

“ಎಲ್ಲಿಂದ ಬರ್ತೈತೆ ಅಂತ ನಾನು ಹೇಳ್ತೀನಿ ಕೇಳು,” ಎಂದಳು ಅಜ್ಜಿ. “ಕುರಿ ಕಟ್ಟೋರ ಮನೆ ಕೌದಿ ಇದು. ತಿಗಣಿ ಅನ್ನು, ಚಿಗಟ ಅನ್ನು, ಬಂದಿದ್ದು ಇದರಾಗೆ.”

ಚಿಕ್ಕಪ್ಪ ಏನಾದರೂ ಹೇಳುತ್ತಾನೆಂದು ಅವ್ವ ಅವನ ಮುಖ ನೋಡಿದಳು. ಅಷ್ಟರಲ್ಲಿ, ಬೆಳಗಿನಿಂದ ಹೋಗಿದ್ದ ಕರೆಂಟು ಬಂತು. ಗಿರಣಿಯ ಮುಂದೆ ಜನ ಕಾಯುತ್ತಿದ್ದಾರೆ ಎಂದು ಅವನು ಒಳಗೆ ಹೋದ. ಕಲ್ಲು ತಿರುಗಲು ಶುರುವಾಯಿತು. ಅಪ್ಪ “ಅವ್ವಾ, ಕುದಿಯೋ ನೀರಾಗೆ ಅದ್ದಿದ್ರೆ ಸಾಕಲ್ಲ” ಎಂದರು. ಗಿರಣಿಯ ಸದ್ದಿನಲ್ಲಿ ಅಜ್ಜಿಗೆ ಕೇಳಿಸಲಿಲ್ಲವೋ, ಕೇಳಿಸಿಕೊಳ್ಳಲಿಲ್ಲವೋ. ಅಪ್ಪ ಎರಡನೆಯ ಸಲ ಹೇಳಲಿಲ್ಲ. ಅಜ್ಜಿ ಕೌದಿಯನ್ನು ಬಚ್ಚಲಿಗೆ ಒಯ್ದು ನೀರೊಲೆಯ ಬಾಯಿಗೆ ತುರುಕಿದಳು. ಅಷ್ಟು ದಪ್ಪದ ಬಟ್ಟೆ ಒಮ್ಮೆಲೆ ಹತ್ತಲಿಲ್ಲ. ಹೊಗೆಯಾಡುತ್ತ, ಒಂದೊಂದು ಪದರವಾಗಿ, ಮಧ್ಯಾಹ್ನದವರೆಗೆ ಉರಿಯಿತು. ಚಿಕ್ಕವ್ವ ಅಳಲಿಲ್ಲ. ಬಚ್ಚಲ ಬಾಗಿಲಲ್ಲಿ ಕೂತು ಪೂರ್ತಿ ನೋಡಿದಳು. ಹಂಡೆಯ ನೀರು ಮರಳಿತು. ಮೈಲಿಗೆ ಹೋಗಬೇಕೆಂದು ಅಜ್ಜಿ ಎಲ್ಲರಿಗೂ ಅದೇ ನೀರಿನಲ್ಲಿ ತಲೆಗೆ ಸ್ನಾನ ಮಾಡಿಸಿದಳು. ಅಪ್ಪ ಮಾಡಿದರು, ಅವ್ವ ಮಾಡಿದಳು, ನಾನು ಮಾಡಿದೆ. ಕೊನೆಗೆ ಚಿಕ್ಕವ್ವನೂ ಮಾಡಿದಳು.

ಮನೆ ಶುದ್ಧವಾಗುವವರೆಗೆ ಸೊಸೆ ತವರಿಗೆ ಹೋಗಿರಲಿ ಎಂದು ಅಜ್ಜಿ ಅಂದೇ ತೀರ್ಮಾನಿಸಿದಳು. ಒಂದು ತಿಂಗಳ ಮಟ್ಟಿಗೆ ಎಂದು ಚಿಕ್ಕಪ್ಪ ಹೆಂಡತಿಗೆ ಹೇಳಿದ. ಮರುದಿನ ಅವನು ಟ್ರಂಕು ಹೊತ್ತು, ನಾನು ಬುತ್ತಿಯ ಚೀಲ ಹಿಡಿದು, ಬಸ್ಸಿನವರೆಗೆ ಹೋದೆವು. ಚಿಕ್ಕಪ್ಪ ಟ್ರಂಕನ್ನು ಮೇಲೆ ಹಾಕಿಸಲು ಹೋದ. ಡ್ರೈವರು ಚಹಾ ಕುಡಿಯುತ್ತಿದ್ದ. ಚಿಕ್ಕವ್ವ ಕಿಟಕಿಯ ಪಕ್ಕ ಕೂತು, ಹೊರಗೆ ನಿಂತಿದ್ದ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಅದನ್ನು ಪ್ರೀತಿ ಎಂದುಕೊಂಡೆ. ನನ್ನ ಗುಟ್ಟನ್ನು ಕಾಯುತ್ತಿದ್ದಾಳೆ, ನನಗೋಸ್ಕರ ಎಲ್ಲ ನುಂಗಿಕೊಂಡಿದ್ದಾಳೆ ಎಂದುಕೊಂಡೆ. ಬಸ್ಸು ಹೊರಟಾಗ ಕೈ ಬೀಸಿದೆ. ಅವಳು ಬೀಸಲಿಲ್ಲ.

ಸೊಸೆ ಹೋದಳು, ಕಡಿತ ಹೋಗಲಿಲ್ಲ. ಎರಡು ವಾರದಲ್ಲಿ ಅಜ್ಜಿಯ ಕಾಲುಗಳು ಕೆರೆದು ಕೆರೆದು ಕೀವುಗಟ್ಟಿದವು. ಅಪ್ಪ ಅವಳನ್ನು ಹೊನ್ನಾಳಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ನಾನೂ ಜೊತೆಗಿದ್ದೆ. ಡಾಕ್ಟರು ವಯಸ್ಸಾದವರು. ಕಾಲನ್ನು ತಮ್ಮ ಮೊಣಕಾಲ ಮೇಲಿಟ್ಟುಕೊಂಡು, ಕನ್ನಡಕ ಮೇಲೆತ್ತಿ ನೋಡಿ, ನಮ್ಮಪ್ಪನನ್ನು ಕೇಳಿದರು.

“ಮನ್ಯಾಗೆ ನಾಯಿ ಐತೇನ್ರಿ?”

“ಇಲ್ರಿ. ತಿಗಣಿ ಆಗೈತಿ.”

“ತಿಗಣಿ ಬರೀ ಕಣಕಾಲು ಹುಡುಕ್ಕೊಂಡು ಕಡಿಯಂಗಿಲ್ಲ. ಇದು ಚಿಗಟ. ಹೋಗಿ ಹುಡುಕ್ರಿ, ಎಲ್ಲೋ ಒಂದು ನಾಯಿ ಐತೆ.”

ಅಜ್ಜಿ ತನ್ನ ಕಾಲನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡು ಸೀರೆ ಮುಚ್ಚಿಕೊಂಡಳು. ಮನೆಗೆ ಬಂದ ಅಪ್ಪ ಚಪ್ಪಲಿಯನ್ನೂ ಬಿಡದೆ ತೌಡಿನ ಕೋಣೆಗೆ ಹೋದರು. ಒಂದು ಕೈಯಲ್ಲಿ ಬೂದನನ್ನು ಹಿಡಿದು ಹೊರಗೆ ಬಂದರು. ಅದು ಅವರ ಕೈ ನೆಕ್ಕುತ್ತಿತ್ತು.

“ಯಾರದಿದು?”

“ನಂದು.”

ಅವ್ವ ಹೊಡೆದಳು. ಅಪ್ಪ ತಡೆಯಲೂ ಇಲ್ಲ, ಬೈಯಲೂ ಇಲ್ಲ. “ನೀನು ಅವತ್ತೇ ಒಂದು ಮಾತು...” ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದರು. ನಾಯಿಯನ್ನು ತೌಡಿನ ಗಾಡಿಯವನು ಸಾಸ್ವೆಹಳ್ಳಿಯ ತನ್ನ ಮನೆಗೆ ಒಯ್ದ. ನನಗೆ ಅಳು ಬರಲಿಲ್ಲ. ಅಜ್ಜಿ ಅಂದು ಊಟಕ್ಕೆ ಬರಲಿಲ್ಲ, ಕರೆದವರಿಗೆ ಹಸಿವಿಲ್ಲ ಎಂದಳು. ಸೊಸೆಯ ಮಾತು ನಿಜವಿತ್ತು ಎಂದು ಅವಳು ಕೊನೆಯವರೆಗೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಆ ದಿನದಿಂದ ನೀರೊಲೆಗೆ ಉರಿ ಹಾಕುವ ಕೆಲಸವನ್ನು ಅವ್ವನಿಗೆ ಬಿಟ್ಟಳು. ಚಿಕ್ಕವ್ವನಿಗೆ ಎಲ್ಲ ಗೊತ್ತಿತ್ತು, ನಾನೇ ಅವಳ ಬಾಯಿ ಕಟ್ಟಿದ್ದೆ ಎಂಬುದನ್ನು ನಾನೂ ಯಾರಿಗೂ ಹೇಳಲಿಲ್ಲ.

ಅಪ್ಪ ಸೊಕ್ಕೆಗೆ ಹೋದರು. ಹೋಗಬೇಕಾದವನು ಚಿಕ್ಕಪ್ಪ; ಅವನು ಯಾವ ಮುಖ ಹೊತ್ತು ಹೋಗಲಿ ಎಂದು ಗಿರಣಿಯ ಪಟ್ಟಿ ಸರಿಮಾಡುತ್ತ ಕೂತ. ಅಪ್ಪ ಒಬ್ಬರೇ ಹೋಗಿ ಒಬ್ಬರೇ ಬಂದರು. ಕಾಲು ತೊಳೆಯುತ್ತ ಅವ್ವನಿಗೆ ಹೇಳಿದ್ದು ನನಗೆ ಕೇಳಿಸಿತು.

“‘ನೀವು ಬಂದಿದ್ದಕ್ಕೆ ದೊಡ್ಡದಾತು ಭಾವಾರೇ. ಕರಕೊಂಡು ಹೋಗಾಕೆ ಅವರು ಬರಲಿ’ ಅಂದ್ಲು. ಅದರಾಗೆ ತಪ್ಪೇನೈತೆ?”

ಚಿಕ್ಕಪ್ಪ ಹೋಗಲಿಲ್ಲ. ಮಳೆಗಾಲ ಮುಗಿಯಲಿ ಎಂದ, ದೀಪಾವಳಿ ಆಗಲಿ ಎಂದ. ಕೆಟ್ಟವನಲ್ಲ, ನಾಚಿಕೆ ಅವನನ್ನು ಎಲ್ಲಿಗೂ ಹೋಗಗೊಡಲಿಲ್ಲ. ಎರಡು ವರ್ಷವಾದ ಮೇಲೆ ಎರಡೂ ಕಡೆಯ ಹಿರಿಯರು ಕೂತು ಬಿಡುಗಡೆ ಮಾಡಿದರು. ಚನ್ನಗಿರಿಯಿಂದ ಇನ್ನೊಬ್ಬಳು ಚಿಕ್ಕವ್ವ ಬಂದಳು. ಒಳ್ಳೆಯ ಹೆಂಗಸು, ಗಿರಣಿಯ ಸದ್ದನ್ನು ಮೀರಿ ಮಾತಾಡಬಲ್ಲವಳು. ನಾನು ಅವಳ ಹತ್ತಿರ ಜಡೆ ಹಾಕಿಸಿಕೊಳ್ಳಲಿಲ್ಲ.

ಹತ್ತನೆಯ ತರಗತಿಯ ನಂತರ ನಾನು ದಾದಿಯ ತರಬೇತಿಗೆ ಸೇರಿದೆ. ಮೊದಲ ಕೆಲಸವೇ ಜಗಳೂರು ತಾಲೂಕಿನಲ್ಲಿ ಸಿಕ್ಕಿತು. ಹಳ್ಳಿಹಳ್ಳಿ ತಿರುಗಿ ಬಸುರಿಯರನ್ನು ನೋಡುವುದು, ಮಕ್ಕಳಿಗೆ ಲಸಿಕೆ ಹಾಕುವುದು. ನನಗೆ ಕೊಟ್ಟ ಹಳ್ಳಿಗಳ ಪಟ್ಟಿಯಲ್ಲಿ ಸೊಕ್ಕೆಯ ಹೆಸರು ನೋಡಿದಾಗ ನನಗಾದದ್ದು ಸಂತೋಷ ಎಂದು ಒಪ್ಪಿಕೊಳ್ಳಬೇಕು. ಹದಿಮೂರು ವರ್ಷ ನಾನು ಮನಸ್ಸಿನಲ್ಲಿ ಒಂದು ಕತೆ ಕಟ್ಟಿಕೊಂಡಿದ್ದೆ. ಅದರಲ್ಲಿ ನಾನು ತಪ್ಪಿತಸ್ಥೆ, ಆದರೆ ತುಂಬ ಪ್ರೀತಿಗೆ ಪಾತ್ರಳಾದ ತಪ್ಪಿತಸ್ಥೆ. ಒಬ್ಬಳು ತನ್ನ ಸಂಸಾರವನ್ನೇ ಕಳೆದುಕೊಂಡು ನನ್ನ ಗುಟ್ಟನ್ನು ಕಾಪಾಡಿದಳು. ಹಾಸ್ಟೆಲಿನ ಗೆಳತಿಯರಿಗೆ ಕಣ್ಣು ತುಂಬಿಕೊಂಡು ಈ ಕತೆ ಹೇಳಿದ್ದೆ. ಅವಳ ಕಾಲು ಹಿಡಿಯಬೇಕು, ಅವಳು ನನ್ನನ್ನು ಎತ್ತಿ ಅಪ್ಪಿಕೊಳ್ಳಬೇಕು ಎಂಬಲ್ಲಿಗೆ ಕತೆ ಮುಗಿಯುತ್ತಿತ್ತು.

ಬೆಳಿಗ್ಗೆಯ ಬಸ್ಸಿಗೆ ಹೋದೆ. ಅವಳ ಮನೆ ಕೇಳಿಕೊಂಡು ಹೋದಾಗ ಚಿಕ್ಕವ್ವ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ತಮ್ಮನ ಮೂರು ಮಕ್ಕಳು ಅವಳ ಸುತ್ತ ಇದ್ದವು. ಮುಂಗೂದಲು ಆಗಲೇ ನರೆತಿತ್ತು, ಕತ್ತಿನಲ್ಲಿ ತಾಳಿ ಇರಲಿಲ್ಲ. ತಂದೆ ತೀರಿಕೊಂಡಿದ್ದ. ಅವಳು ನನ್ನನ್ನು ಒಂದೇ ನೋಟಕ್ಕೆ ಗುರುತು ಹಿಡಿದಳು.

“ನೀಲಾ. ಬಾ, ಕುಂದ್ರು.”

ಮೊದಲು ಕೈಗೆ ನೀರು ಕೊಟ್ಟಳು. ಅವ್ವನನ್ನು ಕೇಳಿದಳು, ಅಪ್ಪನನ್ನು ಕೇಳಿದಳು. ಅಜ್ಜಿ ಹೋದದ್ದು ಅವಳಿಗೆ ಗೊತ್ತಿತ್ತು. ಚಿಕ್ಕಪ್ಪನನ್ನು ಕೇಳಲಿಲ್ಲ. ರೊಟ್ಟಿ, ಶೇಂಗಾ ಚಟ್ನಿ, ಮೊಸರು ತಂದಿಟ್ಟಳು. ರೊಟ್ಟಿ ಈಗಲೂ ಅಷ್ಟೇ ತೆಳುವಾಗಿತ್ತು. ನಾನು ಒಂದು ತುತ್ತನ್ನೂ ಮುರಿಯದೆ, ಅಷ್ಟು ವರ್ಷ ಸಿದ್ಧಮಾಡಿಕೊಂಡಿದ್ದ ಮಾತನ್ನೆಲ್ಲ ಹೇಳಿದೆ. ನನ್ನಿಂದ ಹೀಗಾಯಿತು, ನೀನು ನನಗೋಸ್ಕರ ಬಾಯಿ ಬಿಡಲಿಲ್ಲ, ನನ್ನನ್ನು ಉಳಿಸಿದೆ, ನಿನ್ನ ಋಣ ಈ ಜನ್ಮದಲ್ಲಿ ತೀರುವುದಿಲ್ಲ ಎಂದೆಲ್ಲ. ಅವಳು ಶೇಂಗಾ ಸುಲಿಯುತ್ತಲೇ ಕೇಳಿದಳು. ನಾನು ನಿಲ್ಲಿಸಿದ ಮೇಲೆ ಮಕ್ಕಳನ್ನು ಆಟಕ್ಕೆ ಕಳಿಸಿ, ಕೈಯಲ್ಲಿದ್ದ ಸಿಪ್ಪೆ ಝಾಡಿಸಿದಳು.

“ನಿನಗೋಸ್ಕರ ಅಲ್ಲ ನೀಲಾ. ಮಾತು ಕೊಟ್ಟಿದ್ದೆ, ಅದಕ್ಕೆ ಸುಮ್ಮನಿದ್ದೆ. ನೀನು ಹೇಳ್ತೀಯ ಅಂತ ಕಾದೆ. ಅಂಗಳದಾಗೆ ನಿನ್ನ ಮಕ ನೋಡ್ಕೊಂಡು ಕಾದೆ. ನಮ್ಮವ್ವನ ಸೀರಿಗೆ ಬೆಂಕಿ ಹತ್ತುವಾಗ, ಈಗ ಹೇಳ್ತಾಳೆ ಅಂತ ಬಾಗಿಲಾಗೆ ಕುಂತು ಕಾದೆ. ಬಸ್ಸಿನಾಗೆ ಕುಂತೂ ಕಾದೆ. ಆ ಡ್ರೈವರು ಚಾ ಕುಡಿದು ಬರಾವರೆಗೂ ನೀನು ಓಡಿ ಹೋಗಿ ನಿಮ್ಮ ಚಿಕ್ಕಪ್ಪಗೆ ಹೇಳ್ತೀಯ, ಅವರು ಟ್ರಂಕು ಇಳಿಸ್ತಾರೆ ಅಂತ.”

ನಾನು ಮುಂದಿದ್ದ ತಟ್ಟೆಯನ್ನು ನೋಡಿದೆ.

“ಸಣ್ಣಾಕಿ ಇದ್ದೆ ನೀನು, ಗೊತ್ತೈತೆ. ನಾನೇನು ದೊಡ್ಡಾಕಿ ಇದ್ದೆನಾ ಆಗ? ಆಣೆ ಮುರಿದು ಹೇಳಿಬಿಡಬೇಕಿತ್ತು ಅಂತ ಎಷ್ಟೋ ದಿನ ಅನ್ನಿಸೈತೆ. ನಮ್ಮವ್ವ ಹೇಳ್ತಿದ್ಲು, ಮಕ್ಕಳಿಗೆ ಕೊಟ್ಟ ಮಾತು ಮುರೀಬಾರ್ದು ಅಂತ. ಇರಲಿ. ಉಣ್ಣು.”

ಉಂಡೆ. ಅವಳು ಕೂತು ಬಡಿಸುತ್ತಿರುವಾಗ ಬೇಡವೆನ್ನಲು ಆಗಲಿಲ್ಲ. ಎರಡನೆಯ ರೊಟ್ಟಿ ಹಾಕಿದಳು, ಅದನ್ನೂ ಉಂಡೆ. ಮಕ್ಕಳಿಗೆ ಲಸಿಕೆ ಹಾಕಿದಾಗ ಅವಳೇ ಅವುಗಳ ತೋಳು ಹಿಡಿದುಕೊಂಡಳು. ಬಿಸಿಲಿನಲ್ಲಿ ಬಸ್ಸು ನಿಲ್ಲುವ ಮರದವರೆಗೆ ನನ್ನ ಜೊತೆ ನಡೆದು ಬಂದಳು. ದೂರದಲ್ಲಿ ಬಸ್ಸಿನ ಧೂಳು ಕಂಡಾಗ ನಾನು, ಮುಂದಿನ ತಿಂಗಳು ಇದೇ ದಿನ ಬರುತ್ತೇನೆ ಎಂದೆ.

“ಬ್ಯಾಡ,” ಎಂದಳು. “ನಮ್ಮ ಮನೆಗೆ ಇನ್ನ ಬರಬ್ಯಾಡ. ಸಿಟ್ಟಿಲ್ಲ ನನಗೆ. ನಿನ್ನ ಮಕ ನೋಡಿದ್ರೆ ಇನ್ನೂ ಕಾಯ್ತಾ ಕುಂತಂಗೆ ಅನಿಸ್ತೈತೆ. ಅದಕ್ಕೆ.”

ಮೂರು ವರ್ಷ ನಾನು ಆ ತಾಲೂಕಿನಲ್ಲಿದ್ದೆ. ಪ್ರತಿ ತಿಂಗಳೂ ಸೊಕ್ಕೆಗೆ ಹೋಗುತ್ತಿದ್ದೆ. ಊರಿನ ಎಲ್ಲ ಓಣಿಗಳನ್ನೂ ನಾನೇ ನೋಡಿ, ಚಿಕ್ಕವ್ವನ ಮನೆಯ ಓಣಿಗೆ ಮಾತ್ರ ಜೊತೆಯ ದಾದಿಯನ್ನು ಕಳಿಸುತ್ತಿದ್ದೆ. ಯಾಕೆಂದು ಅವಳು ಒಂದು ಸಲ ಕೇಳಿದಳು. ನಾನು ಇಲ್ಲಿ ಬರೆದಿರುವುದನ್ನೆಲ್ಲ ಅವಳಿಗೆ, ಮರದ ಕೆಳಗೆ ಲಸಿಕೆಯ ಪೆಟ್ಟಿಗೆ ಇಟ್ಟುಕೊಂಡು, ಮೊದಲಿನಿಂದ ಹೇಳಿದೆ. ಈ ಸಲ ಕತೆಯಲ್ಲಿ ಯಾರೂ ನನ್ನನ್ನು ಕಾಪಾಡಲಿಲ್ಲ.